ಧೈರ್ಯ ಒಂದು ಕಡಿಮೆ

ಮಹಾನವಮಿಯ ಮುಂದೆ ಮನೆಗೆ ಸುಣ್ಣ ಹಚ್ಚುವ ಪದ್ಧತಿಯನ್ನು ಹಾಕಿಕೊಟ್ಟ ಹಿರಿಯರು ಬಲ್ಲವರೇ ಇರಬೇಕು. ವರ್ಷಕ್ಕೊಮ್ಮೆ ಅಟ್ಟದ ಮೇಲಿನದು ನೆಲಕ್ಕಿಳಿಯುತ್ತದೆ, ಮೂಲೆಯಲ್ಲಿದ್ದದ್ದು ಅಂಗಳದ ಬಿಸಿಲು ಕಾಣುತ್ತದೆ. ಸಾಮಾನಿನ ಧೂಳು ಕೊಡವಿದರೆ ಹೋಗುತ್ತದೆ. ಮನುಷ್ಯನ ಒಳಗೆ ಕೂತ ಧೂಳು ಹಾಗಲ್ಲ, ಕೊಡವಿದಷ್ಟೂ ಏಳುತ್ತದೆ.

ಬೈಲಹೊಂಗಲದ ಸುಭಾಸನಿಗೆ ಆದದ್ದು ಅದೇ. ಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವನದು. ವಯಸ್ಸು ಐವತ್ತೈದರ ಆಚೀಚೆ. ಅಟ್ಟ ಹತ್ತಿ ಹಂಡೆ, ಹಳೆಯ ಗಾದಿ, ಮುರಿದ ತೊಟ್ಟಿಲು ಎಲ್ಲವನ್ನೂ ಇಳಿಸಿ ಕೊಡುತ್ತಿದ್ದವನ ಕೈಗೆ ಬಿಸ್ಕಿಟಿನ ತಗಡಿನ ಡಬ್ಬಿಯೊಂದು, ಅದರ ಅಡಿಗೆ ದಾರ ಕಟ್ಟಿಟ್ಟ ಪುಸ್ತಕವೊಂದು ಸಿಕ್ಕವು. ದಾರ ಬಿಚ್ಚಿದ. ಆಮೇಲೆ ಅವನು ಅಟ್ಟದಿಂದ ಇಳಿದದ್ದು ಮಧ್ಯಾಹ್ನಕ್ಕೇ.

ಕೆಳಗೆ ಸುಣ್ಣದ ಬಕೀಟು ಹಿಡಿದು ಕಾದು ಸಾಕಾದ ಹೆಂಡತಿ ಅನ್ನಪೂರ್ಣಾ ಕುತ್ತಿಗೆ ಎತ್ತಿ ನೋಡಿ ಹೇಳಿದಳು: "ಅದು ಸುಣ್ಣ ಹಚ್ಚಾಕ ಇಳಸೂ ಸಾಮಾನರಿ, ಓದಾಕಲ್ಲ."

ಪುಸ್ತಕ ಇಂಗ್ಲಿಷಿನದು. ರಟ್ಟಿನ ಮೂಲೆಗಳನ್ನು ಇಲಿ ತಿಂದಿತ್ತು, ಹಾಳೆಗಳು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿದ್ದವು. ಮೊದಲ ಪುಟದಲ್ಲಿ ಯಾವನೋ ಕ್ಯಾಪ್ಟನ್ನನ ಹೆಸರಿನ ನೀಲಿ ಶಿಕ್ಕೆ ಇನ್ನೂ ಉಳಿದಿತ್ತು. ಬೆರಳುದ್ದದ ಸಿಪಾಯಿಗಳನ್ನು ನೆಲದ ಮೇಲಿಟ್ಟು ದೊಡ್ಡವರು ಯುದ್ಧ ಆಡುವುದು ಹೇಗೆ ಎಂದು ಅದರಲ್ಲಿ ಬರೆದಿತ್ತು. ಕಾಲಾಳು ಎಷ್ಟು ದೂರ ನಡೆಯಬೇಕು, ಕುದುರೆ ಎಷ್ಟು ಓಡಬೇಕು, ತೋಪಿನ ಗುಂಡು ಎಲ್ಲಿಯವರೆಗೆ ಮುಟ್ಟಬೇಕು, ಬಿದ್ದವರು ಯಾರು, ಉಳಿದವರು ಯಾರು ಎನ್ನುವುದನ್ನು ದಾಳ ಹೇಗೆ ಹೇಳಬೇಕು, ಎಲ್ಲಕ್ಕೂ ನಿಯಮ. ಮೆಟ್ರಿಕ್ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಬೆಳಗಾವಿಗೆ ಹೋದಾಗ, ಕ್ಯಾಂಪಿನ ಕಡೆಯ ರದ್ದಿ ಅಂಗಡಿಯಲ್ಲಿ ಸುಭಾಸ ಮತ್ತು ಅವನ ಗೆಳೆಯ ಗಂಗಯ್ಯ ಕೂಡಿ ಅದನ್ನು ಕೊಂಡಿದ್ದರು. ಒಂದೇ ಓಣಿಯವರು, ಒಂದೇ ಬೆಂಚಿನವರು. ಶಬ್ದಕೋಶ ಹಿಡಿದು ಸುಭಾಸ ಅದರ ಅರ್ಥ ತೆಗೆದ, ಅರ್ಥಕ್ಕೆ ಗಂಗಯ್ಯ ಕೈಕಾಲು ಕೊಟ್ಟ.

ರಾಣಿಯ ಸಮಾಧಿಯ ಮುಂದೆ ಹಾದು ಸಾಲಿಗೆ ಹೋದ ಹುಡುಗರು ಕಿತ್ತೂರಿನ ಯುದ್ಧ ಬಿಟ್ಟು ಬೇರೆ ಯಾವುದನ್ನು ಆಡಿಯಾರು? ಗಂಗಯ್ಯನ ಮನೆಯ ಪಡಸಾಲೆಯಲ್ಲಿ ರಂಗೋಲಿ ಹಿಟ್ಟಿನಿಂದ ಕೋಟೆ ಎದ್ದಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಎರೆಮಣ್ಣು ಸಿಪಾಯಿಗಳಾಯಿತು. ಕಂಪನಿ ಸರಕಾರದ ದಂಡಿಗೆ ಕೆಮ್ಮಣ್ಣು ಬಳಿದು ಕೆಂಪು ಅಂಗಿ ತೊಡಿಸಿದರು. ದಾರ ಮುಗಿದ ರೀಲುಗಳು ತೋಪುಗಳಾದವು. ದಾಳದ ಬದಲಿಗೆ ಕವಡೆ, ಅಳೆಯುವುದಕ್ಕೆ ಗಂಟು ಹಾಕಿದ ಹುರಿ. ರಾಣಿಯನ್ನು ಮಾತ್ರ ಮಣ್ಣಿನಲ್ಲಿ ಮಾಡಗೊಡಲಿಲ್ಲ ಗಂಗಯ್ಯನ ತಾಯಿ ತಂಗೆವ್ವ. ಗೊಂಬೆ ಮಾಡಿದರೆ ಗೊಂಬೆ ಬೀಳಲೂಬಹುದು ಎಂದು ಹೇಳಿ, ತಾನೇ ಒಂದು ಅರಿಷಿಣದ ಕೊಂಬು ತಂದು ಕೋಟೆಯ ನಡುವೆ ಇಟ್ಟಿದ್ದಳು.

ಆದರೆ ಆಟ ಶುರುವಾಗುವುದಕ್ಕೇ ತೊಡಕು. ಕಂಪನಿಯ ಕಡೆ ಕೂರುವವರು ಯಾರು? ಇಬ್ಬರೂ ಒಲ್ಲೆ. ಆಗಲೂ ತಂಗೆವ್ವನೇ ದಾರಿ ತೋರಿಸಿದಳು. ಅವಳ ತವರಿನಲ್ಲಿ ಬಯಲಾಟ ಮುಗಿದ ಬೆಳಗಿಗೆ ರಾಕ್ಷಸನ ವೇಷ ಹಾಕಿದವನು ಮುಖ ತೊಳೆದುಕೊಂಡು ಬಂದು ನಿಲ್ಲುತ್ತಿದ್ದನಂತೆ, ಅವನೆದುರು ಆಡಿದವನು ಅವನ ಬಾಯಿಗೆ ಬೆಲ್ಲ ಇಡುತ್ತಿದ್ದನಂತೆ. ಬೆಲ್ಲ ನಾಲಿಗೆಗೆ ತಾಕಿದ ಮೇಲೆಯೇ ವೇಷ ಮೈ ಬಿಟ್ಟಿತು ಎಂದು ಲೆಕ್ಕ. ಅಲ್ಲಿಯತನಕ ಅವನನ್ನು ಹೆಂಡತಿ ಸಹ ಒಳಗೆ ಕರೆಯುತ್ತಿರಲಿಲ್ಲ. ಇಲ್ಲಿಯೂ ಹಾಗೇ ಮಾಡಿರಿ ಎಂದಳು. ಮನೆ ಗಂಗಯ್ಯನದು, ನೆಲ ಗಂಗಯ್ಯನದು, ಹೀಗಾಗಿ ಕೋಟೆಯೂ ಅವನದೇ ಆಯಿತು. ಸುಭಾಸ ಕಂಪನಿಯಾದ. ಆಟ ಮುಗಿದಾಗೊಮ್ಮೆ ಗಂಗಯ್ಯ ಅವನ ಬಾಯಿಗೆ ಬೆಲ್ಲ ಇಟ್ಟು ಮನುಷ್ಯನನ್ನಾಗಿ ಮಾಡಿ ಕಳಿಸುತ್ತಿದ್ದ.

ಪುಸ್ತಕದ ಕಡೆಯ ಪುಟದಲ್ಲಿ ಧೈರ್ಯದ ಪಟ್ಟಿ ಇತ್ತು. ಒಂದು ಗುಂಪಿನಲ್ಲಿ ಅರ್ಧ ಮಂದಿ ಬಿದ್ದರೆ ಉಳಿದವರು ನಿಲ್ಲುತ್ತಾರೋ ಓಡುತ್ತಾರೋ ಎಂದು ದಾಳ ಹಾಕಿ ನೋಡಬೇಕು. ಕವಾಯತು ಕಲಿತ ಗೋರಾ ಸಿಪಾಯಿಗಳಿಗೆ ದಾಳ ಬಿದ್ದಷ್ಟೇ ಲೆಕ್ಕ. ನಾಡಿನ ಮಂದಿಗೆ, ಅಂದರೆ ಯಾರ ನೆಲದಲ್ಲಿ ಯುದ್ಧವೋ ಅವರಿಗೆ, ಬಿದ್ದುದರಲ್ಲಿ ಒಂದು ಕಡಿಮೆ. ಹುಡುಗರಿಬ್ಬರೂ ಅದನ್ನು ಓದಿ ನಕ್ಕು, ಪೆನ್ಸಿಲಿನಿಂದ ಒಂದು ಹೆಚ್ಚು ಎಂದು ತಿದ್ದಿದ್ದರು. ಆದ್ದರಿಂದ ಕಿತ್ತೂರು ಎಂದೂ ಸೋಲುತ್ತಿರಲಿಲ್ಲ.

ಹೀಗೆ ಕಾಲೇಜು ಮುಗಿಯುವತನಕ ಆಡಿದರು. ಎಂದೂ ಗೆಲ್ಲದ ದಂಡಿನ ಹಿಂದೆ ಎಷ್ಟು ವರ್ಷ ಕೂತಾನು ಒಬ್ಬ ಮನುಷ್ಯ? ಒಂದು ದಿನ ಸುಭಾಸ ರಬ್ಬರು ತಂದು ಪೆನ್ಸಿಲಿನ ತಿದ್ದುಪಡಿ ಒರೆಸಿದ. ಆಟವೆಂದರೆ ಆಟ, ನಿಯಮವೆಂದರೆ ನಿಯಮ, ಇವತ್ತು ಪುಸ್ತಕದಲ್ಲಿ ಇದ್ದಂತೆಯೇ ಆಡೋಣ ಎಂದ. ಗಂಗಯ್ಯ ಯಾಕೆ ಕಡಿಮೆ ಎಂದು ಕೇಳಿದ. ಪುಸ್ತಕದಲ್ಲಿ ಹಾಗೆ ಇದೆ ಎಂದು ಸುಭಾಸ ಹೇಳಿದ. ಆ ಸಂಜೆ ಕಿತ್ತೂರಿನ ಮಂದಿ ಕೋಟೆಯ ಅಗಸಿ ಬಾಗಿಲಿನಿಂದ ಓಡಿದರು, ಕೋಟೆ ಬಿತ್ತು. ಸುಭಾಸ ಮುಖ ತೊಳೆದುಕೊಂಡು ಬಂದು ನಿಂತ. ಬೆಲ್ಲ ಬರಲಿಲ್ಲ. ಗಂಗಯ್ಯ ಹೊಸ್ತಿಲ ಮೇಲೆ ನಿಂತು, ಕಟ್ಟೆಯ ಮೇಲೆ ಕೂತ ಮಂದಿಗೆಲ್ಲ ಕೇಳುವಂತೆ ಹೇಳಿದ:

"ಪುಸ್ತಕ ಬರದವರು ಅವರು. ಅವರ ಕಾಯ್ದೆ ಅವರನ್ನ ಗೆಲ್ಲಸ್ತೈತಿ. ನೀ ಕಂಪನೀನ ಇರು ಹಂಗಾರ."

ಅದಾದ ಕೆಲವೇ ದಿನಕ್ಕೆ ಮಕ್ಕಳಿಲ್ಲದ ಸೋದರಮಾವನ ಹೊಲ ನೋಡಿಕೊಳ್ಳಲು ಗಂಗಯ್ಯ ತಾಯಿಯನ್ನು ಕರೆದುಕೊಂಡು ರಾಮದುರ್ಗದ ಆಚೆಯ ಸುರೇಬಾನಕ್ಕೆ ಹೋದ. ಕಟ್ಟೆಯ ಮಂದಿ ಮಾತ್ರ ಆ ಮಾತು ಬಿಡಲಿಲ್ಲ. ಸುಭಾಸ ಕಂಪನಿ ಸುಭಾಸನಾದ. ಅಂಗಡಿ ತೆರೆದ ಮೇಲೆ ಅದು ಕಂಪನಿ ಅಂಗಡಿಯಾಯಿತು. ಹೊಸದಾಗಿ ಬಂದ ಗಿರಾಕಿಗಳು ಮೋಟಾರು ಮಾಡಿದ ಕಂಪನಿಯವರದೇ ದುಕಾನು ಎಂದು ತಿಳಿದು ಗ್ಯಾರಂಟಿ ಕೇಳುತ್ತಿದ್ದರು. ಮೂವತ್ತೈದು ವರ್ಷ ಆ ಹೆಸರಿಗೆ ಓಗೊಟ್ಟು ಅವನಿಗೆ ರೂಢಿಯಾಗಿತ್ತು. ಪುಸ್ತಕ ಸಿಕ್ಕ ದಿನದಿಂದ ಆ ರೂಢಿ ತಪ್ಪಿತು.

ಯಾರಾದರೂ ಕಂಪನಿ ಎಂದು ಕೂಗಿದರೆ ಬೆನ್ನಿಗೆ ಹರಳು ತಾಕಿದಂತಾಗುತ್ತಿತ್ತು. ತಂತಿ ಸುತ್ತುವಾಗ ಸುತ್ತಿನ ಲೆಕ್ಕ ತಪ್ಪಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದ. ಚಹಾ ಆರುತ್ತಿತ್ತು. ಬೆಳಗಿನ ಲಿಂಗಪೂಜೆಗೆ ಕೂತರೆ ವಿಭೂತಿ ಹಚ್ಚುವ ಕೈ ಹಣೆಯ ಹತ್ತಿರ ನಿಂತು, ಬೆಲ್ಲ ತಿನ್ನದ ಬಾಯಿಂದ ಮಂತ್ರ ಹೇಳುತ್ತಿದ್ದೇನಲ್ಲ ಎಂಬ ವಿಚಾರ ಬರುತ್ತಿತ್ತು. ಹುಚ್ಚು ವಿಚಾರವೆಂದು ಅವನಿಗೂ ಗೊತ್ತು. ದೇವರಿಗೆ ವೇಷದ ಹಂಗಿಲ್ಲ. ಆದರೂ ಗಂಗಯ್ಯನ ಕೈಯಿಂದ ಒಂದು ಚೂರು ಬೆಲ್ಲ ಬಾಯಿಗೆ ಬೀಳದೆ ತಾನು ಸಾಯಬಾರದು ಎಂದು ಒಳಗೆ ಯಾವುದೋ ಹಟ ಹಿಡಿದು ಕೂತಿತ್ತು. ಪುಸ್ತಕವನ್ನು ಅಂಗಡಿಗೂ ಒಯ್ಯುತ್ತಿದ್ದ. ಗಿರಾಕಿ ಇಲ್ಲದಾಗ ತೆರೆಯುತ್ತಿದ್ದ. ಹುಡುಗನಿದ್ದಾಗ ಬಿಟ್ಟಿದ್ದ ಮುನ್ನುಡಿಯನ್ನು ಈಗ ಓದಿದ. ಗೆಳೆಯರ ನಡುವೆ ಅಡ್ಡ ಬರುವ ನಿಯಮವನ್ನು ಗೆಳೆಯರೇ ಹೊಡೆದುಹಾಕಲಿ ಎಂದು ಅದನ್ನು ಬರೆದ ಪುಣ್ಯಾತ್ಮ ಅಲ್ಲಿ ಹೇಳಿದ್ದ. ಮುನ್ನುಡಿ ಯಾವ ಹುಡುಗ ಓದುತ್ತಾನೆ?

ಮನೆಯಲ್ಲಿ ಸುಣ್ಣ ಅರ್ಧ ಗೋಡೆಗೆ ನಿಂತಿತ್ತು. ಅನ್ನಪೂರ್ಣಾ ಒಂದೆರಡು ದಿನ ನೋಡಿದಳು. ಆಮೇಲೆ ರೊಟ್ಟಿ ಬಡಿಯುತ್ತಲೇ, ಮುಖ ಎತ್ತದೆ ಅಂದಳು: "ಹೋಗಿ ಬರ್ರಿ ಒಮ್ಮೆ. ನೀವು ಸುರೇಬಾನಕ್ಕ ಹೋಗಲಿಲ್ಲಂದ್ರ ಈ ಮನಿಗೆ ಸುಣ್ಣ ಹತ್ತೂದಿಲ್ಲ."

ಶುಕ್ರವಾರ ಅಂಗಡಿ ಮುಚ್ಚಿ, ಪುಸ್ತಕವನ್ನೂ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು. ದೇವಿಯ ಗುಡ್ಡಕ್ಕೆ ಹೋಗಿ ಭಂಡಾರ ಹಚ್ಚಿಕೊಂಡು ಬಂದ ಮಂದಿಯಿಂದ ನಿಲ್ದಾಣವೆಲ್ಲ ಹಳದಿಯಾಗಿತ್ತು. ಯಾರೋ ಮುದುಕಿ ಎಲ್ಲರಿಗೂ ಹಚ್ಚಿದಂತೆ ಅವನ ಹಣೆಗೂ ಭಂಡಾರ ಹಚ್ಚಿ, ಉಧೋ ಎನ್ನಪ್ಪ ಎಂದಳು. ಉಧೋ ಎಂದ. ರಾಮದುರ್ಗದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ಕೂರಲಾಗದೆ ಕಟಕೋಳ ದಾಟುವತನಕ ಎದ್ದು ನಿಂತೇ ಬಂದ. ಬಾಗಿಲು ತೆರೆಯದಿದ್ದರೆ? ತೆರೆದು ಗುರುತು ಹಿಡಿಯದಿದ್ದರೆ? ಗುರುತು ಹಿಡಿದು, ಎಂದಿನದೋ ಪೋರರ ಆಟಕ್ಕೆ ಈಗ ಬಂದೆಯಾ ಎಂದು ನಕ್ಕುಬಿಟ್ಟರೆ? ಡಬ್ಬಿಯೊಳಗಿನ ಕಂಪನಿಯ ಮಣ್ಣಿನ ದಂಡು ಬಸ್ಸಿನ ಕುಲುಕಿಗೆ ಖಡಖಡ ಎನ್ನುತ್ತಿತ್ತು.

ಸುರೇಬಾನದಲ್ಲಿ ಗಂಗಯ್ಯನವರ ಮನೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕಬ್ಬಿನ ಹೊಲ, ಜೊತೆಗೆ ನಾಲ್ಕು ಮನೆಯ ಪೂಜೆ, ಊರಿನಲ್ಲಿ ಅಯ್ಯನವರೆಂಬ ಮರ್ಯಾದೆ. ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ತಂಗೆವ್ವ ಕೂತಿದ್ದಳು. ಕಣ್ಣು ಮಂಜಾಗಿದ್ದವು. ಯಾರೆಂದು ಕೇಳಿ, ಹೆಸರು ಹೇಳಿಸಿಕೊಂಡು, ಅವನ ಗದ್ದ ಮುಟ್ಟಿ ನೋಡಿ, ಒಳಗೆ ಮುಖ ಮಾಡಿ ಕೂಗಿದಳು.

"ಗಂಗಯ್ಯಾ, ಕಂಪನಿ ಬಂದೈತಿ ನೋಡಪಾ. ಬಾಗಲಾ ತಗೀಲೋ, ಹಾಕಲೋ?"

ಒಳಗಿನಿಂದ ಬಂದದ್ದು ಕೂದಲು ನೆರೆತ, ಹೊಟ್ಟೆ ಮುಂದೆ ಬಂದ ಮನುಷ್ಯ. ದನಿ ಮಾತ್ರ ಅದೇ. "ಬಾಗಲಾ ಎಂದ ಹಾಕಿದ್ವು ಯವ್ವಾ? ಬರಾಕ ಇಷ್ಟು ವರ್ಷ ಬೇಕಾತು ಅವಗ."

ಊಟವಾಯಿತು. ಕಬ್ಬಿನ ಮಾತಾಯಿತು, ಮೊಣಕಾಲು ನೋವಿನ ಮಾತಾಯಿತು, ಮಕ್ಕಳ ಮದುವೆಯ ಮಾತಾಯಿತು. ಬೇಕಾದ ಮಾತು ಒಂದೇ ಬರಲೊಲ್ಲದು. ಸುಭಾಸನ ಕಾಲು ತಾನೇ ತಾನಾಗಿ ಅಲುಗುತ್ತಿತ್ತು, ಮನೆ ಅಲುಗುತ್ತದೆ ತಮ್ಮಾ ಎಂದು ತಂಗೆವ್ವ ಗದರಿದಳು. ಕಡೆಗೆ ಅವನು ಚೀಲದಿಂದ ಪುಸ್ತಕ ತೆಗೆದು ನೆಲದ ಮೇಲಿಟ್ಟ. ಗಂಗಯ್ಯ ಕೈ ಒರೆಸಿಕೊಂಡು ಅದನ್ನು ಎತ್ತಿ, ಮೊದಲು ಮೂಸಿ ನೋಡಿದ. ಹಾಳೆ ತಿರುವಿದ ಹಾಗೆಲ್ಲ ಅವನ ಮುಖದ ಮೇಲೆ ಹದಿನಾರರ ಹುಡುಗನೊಬ್ಬ ಬಂದು ಹೋಗುತ್ತಿದ್ದ. ಕುದುರೆಯ ಓಟದ ನಿಯಮಕ್ಕೆ ತಾವು ಎಮ್ಮೆಯ ಓಟ ಸೇರಿಸಿದ್ದನ್ನು ಕಂಡು ನಕ್ಕ. ಸುಭಾಸ ಮುನ್ನುಡಿಯ ಆ ಸಾಲು ತೋರಿಸಿ ಕನ್ನಡದಲ್ಲಿ ಹೇಳಿದ. ಗಂಗಯ್ಯ ಓದಲಿಲ್ಲ, ನೇರವಾಗಿ ಕಡೆಯ ಪುಟಕ್ಕೆ ಹೋದ. ರಬ್ಬರು ತಿಕ್ಕಿದ ಜಾಗದಲ್ಲಿ ಹಾಳೆ ಇನ್ನೂ ತೆಳ್ಳಗಿತ್ತು.

"ಮುನ್ನುಡಿಯೊಳಗ ಸಾಧು, ಕಡೀ ಪುಟದಾಗ ಸಾವಕಾರ," ಎಂದ.

"ನೀ ಬೆಲ್ಲ ಕೊಡಲಿಲ್ಲ," ಎಂದ ಸುಭಾಸ.

ಅಂದುಬಿಟ್ಟ ಮೇಲೆ ತನ್ನ ದನಿ ತನಗೇ ಸಣ್ಣ ಹುಡುಗನದೆನಿಸಿ ನಾಚಿಕೆಯಾಯಿತು. ಗಂಗಯ್ಯ ಎದ್ದು ಒಳಗೆ ಹೋಗಿ, ತನ್ನದೇ ಕಬ್ಬಿನ ಬೆಲ್ಲದ ಪೆಂಟೆ ಒಡೆದು, ತಟ್ಟೆಯಲ್ಲಿ ತಂದು, ಒಂದು ಚೂರು ಎತ್ತಿ ಅವನ ಬಾಯಿಗಿಟ್ಟ. ಇಷ್ಟು ಸುಲಭದ ಕೆಲಸ. ಸುಭಾಸ ಕಣ್ಣು ಮುಚ್ಚಿ ಚೀಪಿದ. ಬೆಲ್ಲ ಒಳ್ಳೆಯದಿತ್ತು. ಆದರೆ ಬಯಲಾಟದವರು ಎಷ್ಟು ತೊಳೆದರೂ ಕಿವಿಯ ಹಿಂದೆ ಬಣ್ಣ ಉಳಿಯುತ್ತದಲ್ಲ, ಹಾಗೆ ಏನೋ ಉಳಿದೇ ಇತ್ತು. ಇಷ್ಟು ದಿನ ಬೇಡಿದ್ದು ಬಾಯೊಳಗೆ ಕರಗುತ್ತಿದ್ದರೂ ಕಾಲು ಅಲುಗುವುದು ನಿಲ್ಲಲಿಲ್ಲ.

ಗಂಗಯ್ಯ ಅದನ್ನು ನೋಡುತ್ತಿದ್ದ. "ಹಿಂದಿಂದು ಮುಗೀತು," ಎಂದ. "ಈಗ ನಾ ಕಂಪನಿ ಆಗತೇನಿ. ನೀ ಕೋಟಿ ಹಿಡಿ. ಪುಸ್ತಕದಾಗ ಇದ್ದಂಗ ಆಡೂಣು."

ನಾಡಿನ ಮಂದಿಯ ನಿಯಮ ಬಿಡೋಣ, ಮುನ್ನುಡಿಯಲ್ಲೇ ಹೇಳಿದೆಯಲ್ಲ ಎಂದು ಸುಭಾಸ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಆಟವೆಂದರೆ ಆಟ, ನಿಯಮವೆಂದರೆ ನಿಯಮ ಎಂದು ಸುಭಾಸನ ಮಾತನ್ನೇ ತಿರುಗಿಸಿ ಕೊಟ್ಟ.

ಗಂಗಯ್ಯ ಅಟ್ಟದಿಂದ ಇಳಿಸಿದ್ದು ಜೋಳದ ಹೊಟ್ಟು ತುಂಬಿದ ಗಡಿಗೆ. ಹೊಟ್ಟಿನೊಳಗೆ ಅರಳೆ ಸುತ್ತಿಕೊಂಡು ಕಿತ್ತೂರಿನ ಮಂದಿ ಮಲಗಿದ್ದರು. ಸುಟ್ಟ ಮಣ್ಣಲ್ಲ, ಹಸಿ ಮಣ್ಣು ಒಣಗಿದ್ದು. ಇಷ್ಟು ವರ್ಷ ಪುಡಿಯಾಗದೆ ಉಳಿಯಬೇಕಾದರೆ ಯಾರೋ ಆಗಾಗ ತೆಗೆದು, ಹೊಟ್ಟು ಬದಲಿಸಿ, ಮತ್ತೆ ಮಲಗಿಸಿರಬೇಕು. ತಂಗೆವ್ವ ತಡವರಿಸುತ್ತ ಅಡುಗೆಮನೆಗೆ ಹೋಗಿ ಅರಿಷಿಣದ ಕೊಂಬು ತಂದು ಕೊಟ್ಟಳು.

ರಂಗೋಲಿಯ ಕೋಟೆ ಎದ್ದಿತು. ಜೀವಮಾನವಿಡೀ ಹೊರಗಿನಿಂದ ನೋಡಿದ ಕೋಟೆಯನ್ನು ಸುಭಾಸ ಮೊದಲ ಸಲ ಒಳಗಿನಿಂದ ನೋಡಿದ. ಒಳಗಿನಿಂದ ಅದು ಬಹಳ ಸಣ್ಣದಿತ್ತು. ಕೆಂಪು ಅಂಗಿಯವರು ಹುರಿಯ ಗಂಟಿನಿಂದ ಗಂಟಿಗೆ, ಅವಸರವಿಲ್ಲದೆ ಬರುತ್ತಿದ್ದರು. ತೋಪಿನ ಸರದಿಗೆ ಕವಡೆ ಬಿದ್ದಾಗೊಮ್ಮೆ ಅವನ ಕಡೆಯ ಒಬ್ಬೊಬ್ಬನನ್ನು ಗಂಗಯ್ಯ ಎರಡು ಬೆರಳಿನಿಂದ ಎತ್ತಿ ಪಕ್ಕಕ್ಕೆ ಮಲಗಿಸುತ್ತಿದ್ದ. ಅಗಸಿಯ ಮುಂದಿನ ಗುಂಪು ಅರ್ಧಕ್ಕೆ ಬಂತು. ಧೈರ್ಯದ ಕವಡೆ ಹಾಕಬೇಕು. ಮೂರು ಕವಡೆ ಬಾಯಿ ತೆರೆದರೆ ಗುಂಪು ನಿಂತಂತೆ. ಸುಭಾಸ ಕವಡೆ ಎತ್ತಿಕೊಂಡ. ದೇವರ ಹೆಸರು ಹೇಳಿ ಹಾಕಿದ. ಮೂರು ತೆರೆದು ಬಿದ್ದವು.

"ಮೂರು. ನಿಂತರು," ಎಂದ.

"ಒಂದು ಕಡಿಮಿ," ಎಂದ ಗಂಗಯ್ಯ.

"ಮೂರ ಬಿದ್ದಾವಲೋ. ಕಣ್ಣ ಮುಂದ ಬಿದ್ದಾವು. ಯಾಕ ಕಡಿಮಿ?"

"ಪುಸ್ತಕದಾಗ ಹಂಗ ಐತಿ."

ಗಂಗಯ್ಯನ ದನಿಯಲ್ಲಿ ಸೇಡಿರಲಿಲ್ಲ. ಅದಿದ್ದರೆ ಸಹಿಸಬಹುದಿತ್ತು. ಬೆನ್ನು ಮಾಡಿ ಇಡು ಎಂದು ಮೆತ್ತಗೆ ಹೇಳಿದ. ಓಡುವವರನ್ನು ಅವರ ಕಡೆಯವನೇ ತಿರುಗಿಸಿ ಇಡಬೇಕು, ಅದೂ ನಿಯಮ. ಸುಭಾಸ ಒಬ್ಬೊಬ್ಬನನ್ನೇ ಹಿಡಿದು ತಿರುಗಿಸಿದ. ಬೇವಿನ ಕಡ್ಡಿಯಿಂದ ಚುಚ್ಚಿ ಮಾಡಿದ ಕಣ್ಣುಗಳು, ಎಂದೋ ಹುಡುಗನಾಗಿದ್ದ ಗಂಗಯ್ಯ ಮಾಡಿದ ಕಣ್ಣುಗಳು, ಒಂದೊಂದಾಗಿ ಅವನ ಕಡೆ ಹೊರಳಿ ನೋಡಿದವು. ನಾವು ಓಡಲಿಲ್ಲ ಎಂದವು. ನಮಗೆ ಮೂರು ಬಿದ್ದಿತ್ತು ಎಂದವು. ಮೋಟಾರಿನ ಸುಟ್ಟ ಸುರುಳಿ ಬಿಚ್ಚುವಾಗ ಏಳುವ ಕಮಟು ಎದೆಯಲ್ಲಿ ಎದ್ದಂತಾಯಿತು ಅವನಿಗೆ.

ಕೋಟೆ ಬಿದ್ದಿತು. ಗಂಗಯ್ಯ ಅರಿಷಿಣದ ಕೊಂಬನ್ನು ಮುಟ್ಟಲಿಲ್ಲ. ತಾಯಿಯನ್ನು ಕರೆದು ಎತ್ತಿಸಿದ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಸುಭಾಸನ ಮುಂದೆ ನಿಂತ. ತಂಗೆವ್ವ ಬೆಲ್ಲದ ತಟ್ಟೆ ಸರಿಸಿದಳು.

"ಕೊಡೋ ತಮ್ಮಾ. ದೀಪ ಹಚ್ಚೂ ಹೊತ್ತಿಗೆ ಮನ್ಯಾಗ ವೇಷ ಇರಬಾರದು."

ಗಂಗಯ್ಯ ಬಾಯಿ ತೆರೆದಿದ್ದ. ಹಣೆಯಲ್ಲಿ ನೀರಿಗೆ ಅರ್ಧ ಅಳಿಸಿದ ವಿಭೂತಿ, ನಡುವಯಸ್ಸಿನ ಅಯ್ಯನವರು ಮಗುವಿನಂತೆ ಬಾಯಿ ತೆರೆದು ನಿಂತಿದ್ದರು. ಸುಭಾಸ ಚೂರು ಬೆಲ್ಲ ಎತ್ತಿಕೊಂಡ. ಕೈ ಎದೆಯ ಮಟ್ಟಕ್ಕೆ ಬಂತು, ಅಲ್ಲಿಯೇ ನಿಂತಿತು. ನೂಕಿದ. ಮುಂದೆ ಹೋಗಲೊಲ್ಲದು. ಎದುರಿಗೆ ನಿಂತವನು ಗೆಳೆಯ ಎಂದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಅಂದು ಆ ಹೊಸ್ತಿಲ ಮೇಲೆ ನಿಂತಿದ್ದವನ ಕೈಗೂ ಹೀಗೇ ಆಗಿರಬೇಕು. ಮೂವತ್ತೈದು ವರ್ಷ ಆ ಕೈಯನ್ನು ಬೈದು ಬಂದಿದ್ದ.

ಹೊರಗೆ ರಾಮದುರ್ಗದ ಬಸ್ಸು ಹಾರ್ನು ಹೊಡೆಯಿತು. ಸುಭಾಸ ಕರವಸ್ತ್ರ ತೆಗೆದು, ಬೆಲ್ಲದ ಚೂರನ್ನು ಅದರ ತುದಿಗೆ ಗಂಟು ಹಾಕಿದ, ಪುಸ್ತಕ ಕಂಕುಳಿಗೆ ಸೇರಿಸಿದ. ತಂಗೆವ್ವನ ಕಾಲು ಮುಟ್ಟಿ ನಮಸ್ಕರಿಸಿ ಹೊರಟೇಬಿಟ್ಟ. ಡಬ್ಬಿ ಅಲ್ಲಿಯೇ ಉಳಿಯಿತು.

ಬಸ್ಸಿನ ಕಿಟಕಿಯ ಹತ್ತಿರ ಗಂಗಯ್ಯ ಧೋತರ ಎತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದು ನಿಂತ. "ಲೇ, ಬೆಲ್ಲ ಕೊಟ್ಟು ಹೋಗೋ. ನಾಳಿಂದ ನಾಕು ಮನಿ ಪೂಜಾಕ್ಕ ಹೋಗಾಂವ ನಾ. ಕಂಪನಿ ಆಗಿ ಹೆಂಗ ಹೋಗಲಿ?"

"ಬೈಲಹೊಂಗಲಕ್ಕ ಬಾ. ಕೊಡತೇನಿ."

"ಅಲ್ಲಿ ಬಂದರ ಕೈ ಏಳತೈತೇನು?"

"ಗೊತ್ತಿಲ್ಲ," ಎಂದ ಸುಭಾಸ. "ಬಾ, ನೋಡೂಣು."

ಗಂಗಯ್ಯ ನಕ್ಕನೋ ಬೈದನೋ, ಬಸ್ಸು ಹೊರಟ ಸದ್ದಿನಲ್ಲಿ ಕೇಳಲಿಲ್ಲ. ಊರ ಅಗಸಿ ದಾಟಿದ ಮೇಲೆ ಸುಭಾಸ ಪಕ್ಕದಲ್ಲಿ ಕೂತವರಿಂದ ಪೆನ್ನು ಇಸಿದುಕೊಂಡು, ಪುಸ್ತಕದ ಕಡೆಯ ಪುಟ ತೆರೆದ. ಒಂದು ಕಡಿಮೆ ಎಂದಿದ್ದ ಸಾಲಿನ ಮೇಲೆ ಗೆರೆ ಎಳೆದ. ಕುಲುಕಾಟಕ್ಕೆ ಗೆರೆ ಸೊಟ್ಟಗೆ ಹೋಗಿ ಹಾಳೆಯ ತೆಳ್ಳಗಿನ ಜಾಗ ಹರಿಯಿತು. ಅದರ ಬದಲಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಒಂದು ಹೆಚ್ಚು ಎಂದರೆ ಕಂಪನಿ ಎಂದೂ ಗೆಲ್ಲುವುದಿಲ್ಲ, ಆ ಕಡೆ ಕೂತವನು ಮತ್ತೊಂದು ದಿನ ರಬ್ಬರು ತಂದಾನು. ಸರಿಸಮ ಎಂದರೆ ಗಂಗಯ್ಯ ಒಪ್ಪುತ್ತಾನೋ ಇಲ್ಲವೋ. ಇಬ್ಬರೂ ಕೂತೇ ಬರೆಯಬೇಕು ಅದನ್ನು.

ಪೆನ್ನು ಹಿಡಿದುಕೊಂಡೇ ಕೂತ. ಸುರೇಬಾನದ ಇರುವೆಯೊಂದು ಕರವಸ್ತ್ರದ ಗಂಟು ಹತ್ತಿ, ಒಳಗೆ ಹೋಗುವ ದಾರಿ ಹುಡುಕುತ್ತ ಸುತ್ತ ಸುತ್ತ ತಿರುಗುತ್ತಿತ್ತು.